ಗಂಗಮ್ಮನಿಗೆ ಗಾಲ್ಫ್ ತೋರಿಸಿದ್ದು

ದೊಡ್ಡ ಗಾಲ್ಫ್ ಪಂದ್ಯವೊಂದು ಮುಗಿದ ಮಾರನೆಯ ಬೆಳಿಗ್ಗೆ ನಾನು ಫೋನು ಮುಟ್ಟುವುದಿಲ್ಲ. ಹಿಂದಿನ ಸಂಜೆಯೇ ಅದರ ಬಾಯಿ ಮುಚ್ಚಿಸಿ ಅಕ್ಕಿ ಡಬ್ಬದ ಮೇಲೆ ಬೋರಲು ಮಲಗಿಸಿರುತ್ತೇನೆ. ಪೇಪರು ಬಂದರೆ ಆಟದ ಪುಟ ತೆಗೆದಿಟ್ಟು ಉಳಿದದ್ದನ್ನು ಮಾತ್ರ ಸರಸು, ಅಂದರೆ ನನ್ನ ಹೆಂಡತಿ, ನನ್ನ ಕೈಗೆ ಕೊಡಬೇಕು. ಈ ಮಡಿಗೆ ಕಾರಣವಿದೆ. ಆ ಪಂದ್ಯಗಳು ನಡೆಯುವುದು ಕಡಲಾಚೆ. ಅಲ್ಲಿ ಅವರು ಕಪ್ಪಿಗಾಗಿ ಬೆವರು ಸುರಿಸುವ ಹೊತ್ತಿಗೆ ಕೋಲಾರದಲ್ಲಿ ನಾನು ಗೊರಕೆ ಹೊಡೆಯುತ್ತಿರುತ್ತೇನೆ. ಬೆಳಿಗ್ಗೆ ಟೀವಿಯಲ್ಲಿ ಮರುಪ್ರಸಾರ ಬರುತ್ತದೆ. ನಮ್ಮ ಕಾರ್ಖಾನೆಗೆ ವಾರದ ರಜೆ ಸೋಮವಾರವೇ ಆದ್ದರಿಂದ ಸ್ನಾನ ಮಾಡಿ, ತಿಂಡಿ ತಿಂದು, ಆಗಲೇ ನಡೆಯುತ್ತಿದೆ ಎನ್ನುವ ಹಾಗೆ ಕೂತು ನೋಡುತ್ತೇನೆ. ಅಲ್ಲಿಯವರೆಗೆ ಗೆದ್ದವರು ಯಾರು ಎಂಬುದು ನನ್ನ ಕಿವಿಗೆ ಬೀಳಬಾರದು.

“ಕಿವಿಗೆ ಹತ್ತಿ ಇಟ್ಕೊಂಡು ಓಡಾಡೋದೇನೂ ಬೇಕಾಗಿಲ್ಲ,” ಎನ್ನುತ್ತಾಳೆ ಸರಸು. “ಕೋಲಾರದಲ್ಲಿ ಆ ಸುದ್ದಿ ನಿಮಗೆ ಯಾರು ಹೇಳ್ತಾರೆ? ಟೊಮೇಟೊ ಬಾಕ್ಸು ಎಷ್ಟಕ್ಕೆ ಹೋಯ್ತು ಅಂತ ಬೇಕಾದ್ರೆ ಹೇಳ್ತಾರೆ.”

ಅವಳ ಮಾತು ನಿಜ. ನಮ್ಮ ಬೀದಿಯಲ್ಲಿ, ನಮ್ಮ ನೆಂಟರಲ್ಲಿ, ನಾನು ಹೋಗುವ ಮದುವೆ ಮುಂಜಿಗಳಲ್ಲಿ ಗಾಲ್ಫ್ ನೋಡುವ ಇನ್ನೊಂದು ಪ್ರಾಣಿಯನ್ನು ನಾನು ಕಂಡಿಲ್ಲ. ಕ್ರಿಕೆಟ್ ಅಭಿಮಾನಿಗೆ ಜಗಳವಾಡಲು ಜನ ಸಿಗುತ್ತಾರೆ. ನನಗೆ ಒಪ್ಪಿಕೊಳ್ಳುವುದಕ್ಕೂ ಯಾರೂ ಇಲ್ಲ, ಜಗಳಕ್ಕೂ ಯಾರೂ ಇಲ್ಲ.

ಈ ಹುಚ್ಚು ಹತ್ತಿದ್ದು ವೇಮಗಲ್ಲಿನ ಕಾರ್ಖಾನೆಯ ಕ್ಯಾಂಟೀನಿನಲ್ಲಿ. ನಾನು ಅಲ್ಲಿ ಸ್ಟೋರ್ ಕೀಪರು. ನಟ್ಟು, ಬೋಲ್ಟು, ಗ್ರೀಸು, ಕೈಗವಸುಗಳ ನಡುವೆ ತಲೆ ಬೆಳ್ಳಗೆ ಮಾಡಿಕೊಂಡವನು. ಕೆಲವು ವರ್ಷ ಹೊರದೇಶದಿಂದ ಬಂದ ಒಬ್ಬ ದೊಡ್ಡ ಸಾಹೇಬರು ನಮಗಿದ್ದರು. ಅವರಿಗೆ ಕನ್ನಡ ಬಾರದು, ಇಂಗ್ಲಿಷೂ ಅಷ್ಟಕ್ಕಷ್ಟೆ. ಊಟದ ಹೊತ್ತಿಗೆ ಎಲ್ಲರ ಜೊತೆ ಬೆಂಚಿನ ಮೇಲೆ ಕೂತು, ಟೀವಿಯಲ್ಲಿ ಗಾಲ್ಫ್ ಹಾಕಿ, ರಿಮೋಟನ್ನು ಶರ್ಟಿನ ಜೇಬಿಗೆ ಇಳಿಸಿಬಿಡುತ್ತಿದ್ದರು. ಸಾಹೇಬರ ಜೇಬಿಗೆ ಕೈ ಹಾಕುವ ಗಂಡು ಯಾರು? ಇಡೀ ಕ್ಯಾಂಟೀನು ಮುದ್ದೆ ಮುರಿಯುತ್ತಾ ಗಾಲ್ಫ್ ನೋಡಬೇಕಾಯಿತು. “ಏನೋ ಕಳ್ಕೊಂಡು ಹುಡುಕ್ತಾವ್ರೆ ಕಣ್ರಪ್ಪಾ, ಪಾಪ” ಎಂದು ವೆಲ್ಡಿಂಗಿನವನೊಬ್ಬ ಮರುಗಿದ್ದ. ಆಮೇಲೆ ಸಾಹೇಬರು ತಮ್ಮ ದೇಶಕ್ಕೆ ವಾಪಸು ಹೋದರು, ರಿಮೋಟು ಜನರ ಕೈಗೆ ಬಂತು, ಕ್ಯಾಂಟೀನು ಕ್ರಿಕೆಟ್ಟಿಗೆ ಮರಳಿತು. ನಾನು ಮಾತ್ರ ಮನೆಯ ಟೀವಿಗೆ ದುಡ್ಡು ಹೆಚ್ಚು ಕಟ್ಟಿ ಆ ಚಾನೆಲ್ ಹಾಕಿಸಿಕೊಂಡೆ.

ಏನು ಹಿಡಿಸಿತು ಎಂದು ಕೇಳಿದರೆ, ಮೊದಲನೆಯದಾಗಿ ಆ ನಿಶ್ಶಬ್ದ. ದಿನವಿಡೀ ಪ್ರೆಸ್ ಮಿಷಿನ್ನಿನ ಸದ್ದು ಕೇಳುವವನಿಗೆ ಸಾವಿರಾರು ಜನ ಒಟ್ಟಿಗೆ ಬಾಯಿ ಮುಚ್ಚಿ ನಿಲ್ಲುವುದು ಸಣ್ಣ ವಿಷಯವಲ್ಲ. ಇನ್ನೊಂದು, ಅವರ ನಿಯತ್ತು. ಯಾರೂ ನೋಡದಿದ್ದರೂ ತನ್ನ ಚೆಂಡು ಅಲುಗಿತು ಎಂದು ಆಟಗಾರನೇ ಕೈ ಎತ್ತಿ ಹೇಳಿ, ತನ್ನ ಲೆಕ್ಕಕ್ಕೆ ಒಂದು ಹೊಡೆತ ಜಾಸ್ತಿ ಹಾಕಿಸಿಕೊಳ್ಳುತ್ತಾನೆ. ಈ ಮಾತನ್ನು ಸಿಕ್ಕಸಿಕ್ಕವರಿಗೆಲ್ಲ ಹೇಳಿ ನಾನು ಬೇಸರ ಹುಟ್ಟಿಸಿದ್ದೇನೆ. ನನ್ನ ಮಟ್ಟಿಗೆ ಗಾಲ್ಫ್ ಎಂದರೆ ಟೀವಿಯೊಳಗೆ ಇರುವುದು. ಆ ಕೋಲನ್ನು ನಾನು ಕೈಯಲ್ಲಿ ಹಿಡಿದವನೇ ಅಲ್ಲ. ಒಂದು ಸಲ ಮಾಲೂರಿನ ಕಡೆ ನೆಂಟರ ಮನೆಗೆ ಹೋದವನು, ದಾರಿಯಲ್ಲಿ ಯಾವುದೋ ಗಾಲ್ಫ್ ಮೈದಾನ ಕಂಡು, ಬಸ್ಸಿಳಿದು ಬೇಲಿಗೆ ಮುಖ ಒತ್ತಿ ನಿಂತಿದ್ದೆ. ಕಾವಲಿನವನು ಬಂದು ಏನು ಬೇಕು ಎಂದ. ಏನು ಹೇಳಲೂ ತೋಚದೆ “ಹುಲ್ಲು ನೋಡ್ತಿದೀನಿ” ಅಂದೆ. ಅವನು ನನ್ನ ಪಂಚೆಯನ್ನೂ ಚಪ್ಪಲಿಯನ್ನೂ ನೋಡಿ, “ಹುಲ್ಲು ಯಾರಿಗೂ ಕೊಡಲ್ಲ ಯಜಮಾನ್ರೇ, ಔಷಧಿ ಹೊಡ್ದಿರ್ತಾರೆ, ಹಸು ತಿಂದ್ರೆ ಸತ್ತೋಗ್ತದೆ” ಎಂದು ಒಳ್ಳೆಯ ಮನಸ್ಸಿನಿಂದಲೇ ಹೇಳಿ ಕಳಿಸಿದ.

ಈ ಸಲದ ದೊಡ್ಡ ಪಂದ್ಯ ಶುರುವಾದಾಗ ನಮ್ಮಕ್ಕ ಮುನಿಲಕ್ಷ್ಮಮ್ಮ ನಮ್ಮ ಮನೆಯಲ್ಲಿದ್ದಳು. ಕುರುಡುಮಲೆಯ ಹತ್ತಿರದ ಹಳ್ಳಿಗೆ ಸೊಸೆಯಾಗಿ ಹೋದವಳು, ಭಾವ ತೀರಿಕೊಂಡ ಮೇಲೂ ಹಸು, ರೇಷ್ಮೆ ಎಂದು ಒಬ್ಬಳೇ ಜಬರದಸ್ತಾಗಿ ಸಂಸಾರ ನಡೆಸಿದವಳು. ಕಣ್ಣಿನ ಪೊರೆ ತೆಗೆಸಿಕೊಳ್ಳಲು ಕೋಲಾರಕ್ಕೆ ಬಂದಿದ್ದಳು. ಬಗ್ಗಬಾರದು, ತಲೆಗೆ ನೀರು ಹಾಕಬಾರದು, ಹೊಗೆ ಧೂಳಿಗೆ ಹೋಗಬಾರದು ಎಂದು ಡಾಕ್ಟರು ಕಟ್ಟುಮಾಡಿದ್ದರು. ಕಪ್ಪು ಕನ್ನಡಕ ಹಾಕಿಸಿ ಅವಳನ್ನು ಟೀವಿ ಮುಂದಿನ ಕುರ್ಚಿಯಲ್ಲಿ ಕೂರಿಸಿದ್ದೆವು. ಕೆಲಸವಿಲ್ಲದೆ ಕೂತು ಅಭ್ಯಾಸವಿಲ್ಲದ ಅಕ್ಕ ಮೊದಲ ದಿನ ಟೀವಿಯನ್ನೇ ಬೈಯುತ್ತಿದ್ದಳು.

“ಇಷ್ಟು ಹುಲ್ಲು ಕೊಯ್ದು ಏನ್ಮಾಡ್ತಾರ್ಲಾ ಸೀನ?”

“ಏನೂ ಮಾಡಲ್ಲ ಅಕ್ಕ. ಕೊಯ್ದು ಬಿಸಾಕ್ತಾರೆ.”

“ಹಸು ಬಿಡಲ್ವಾ?”

“ಬಿಡಲ್ಲ.”

ಅಕ್ಕ “ತಿನ್ನೋರಿಗಿಲ್ಲ, ಆಡೋರಿಗೆ ಐತೆ” ಎಂದಳು.

ಎರಡನೆಯ ದಿನಕ್ಕೆ ದಾರಿಗೆ ಬಂದಳು. ಆಟಗಾರನೊಬ್ಬ ಕುಕ್ಕರಗಾಲಲ್ಲಿ ಕೂತು, ಒಂದು ಕಣ್ಣು ಮುಚ್ಚಿ, ಚೆಂಡಿಗೂ ಕುಳಿಗೂ ನಡುವಿನ ಇಳಿಜಾರು ನೋಡುವುದನ್ನು ಕಂಡವಳೇ “ಅಯ್ಯೋ, ಇದು ನಮ್ಮ ಗೋಲಿ ಕಣೋ!” ಎಂದು ಕುರ್ಚಿಯ ತುದಿಗೆ ಬಂದಳು. ನನಗೆ ಇಷ್ಟು ವರ್ಷ ಅದು ಹೊಳೆದಿರಲಿಲ್ಲ ಎಂದರೆ ನೀವು ನಂಬಬೇಕು.

ನಮ್ಮೂರು ಶ್ರೀನಿವಾಸಪುರದ ಕಡೆಯದು. ಮಾವಿನ ಕಾಯಿ ಇಳಿಯುವ ಕಾಲಕ್ಕೆ ನಮ್ಮಿಬ್ಬರನ್ನೂ ತೋಪು ಕಾಯಲು ಕಳಿಸುತ್ತಿದ್ದರು. ಕೋತಿಗಳು ಒಂದು ಕಡೆಯಿಂದ ತಿಂದುಕೊಂಡು ಬರುತ್ತಿದ್ದರೆ ನಾವು ಇನ್ನೊಂದು ಕಡೆ ನೆಲಕ್ಕೆ ಹಿಮ್ಮಡಿ ಊರಿ ತಿರುಗಿಸಿ ಗುಣಿ ಮಾಡಿಕೊಂಡು ಗೋಲಿ ಆಡುತ್ತಿದ್ದೆವು. ಅಕ್ಕನ ನಡುಬೆರಳು ಬಿಲ್ಲಿನಂತೆ ಹಿಂದಕ್ಕೆ ಬಾಗುತ್ತಿತ್ತು. ಊರಿನ ಗಂಡು ಹುಡುಗರೆಲ್ಲ ಅವಳ ಎದುರು ಸೋತವರೇ. ಸೋತವನು ಮೊಣಕೈಯಿಂದ ಗೋಲಿಯನ್ನು ಗುಣಿಯವರೆಗೆ ತಳ್ಳಿಕೊಂಡು ಹೋಗಬೇಕು. ಬೇಸಿಗೆ ರಜೆ ಮುಗಿದು ನಾನು ಸ್ಕೂಲಿಗೆ ಹೋದಾಗ ನನ್ನ ಮೊಣಕೈಯಲ್ಲಿ ಚರ್ಮವೇ ಇರುತ್ತಿರಲಿಲ್ಲ. ಇರುವೆ ತಳ್ಳಿತು, ಗಾಳಿ ಬಂತು, ನೀನು ಕೆಮ್ಮಿದೆ ಎಂದು ನಾವು ಎಷ್ಟು ತಕರಾರು ತೆಗೆದರೂ ತೀರ್ಪು ಹೇಳುತ್ತಿದ್ದವಳು ಅಕ್ಕನೇ. ಯಾರ ಜೇಬಲ್ಲಿ ಹೆಚ್ಚು ಗೋಲಿಯೋ ಅವರದೇ ಕಾನೂನು. ಒಂದು ವರ್ಷ ಅವಳಿಗೆ ದಾವಣಿ ಬಂತು, ತೋಪಿಗೆ ಹೋಗುವುದು ನಿಂತಿತು. ಗಾಜಿನ ಸೀಸೆಯ ತುಂಬ ಇದ್ದ ಗೋಲಿಗಳನ್ನು ನನ್ನ ಕೈಗಿಟ್ಟು ಜೋಪಾನ ಅಂದಳು. ಮಾವಿನ ಕಾಲ ಮುಗಿಯುವ ಮೊದಲೇ ಅಷ್ಟನ್ನೂ ನಾನು ಸೋತು ಬಂದೆ.

ಹೀಗೆ ಗೋಲಿಯ ದಾರಿಯಿಂದ ಅಕ್ಕ ಗಾಲ್ಫಿಗೆ ಬಂದವಳು ತನಗೊಬ್ಬ ಆಟಗಾರನನ್ನೂ ಆರಿಸಿಕೊಂಡಳು. ಅವನು ದಪ್ಪಗಿದ್ದ, ವಯಸ್ಸಾಗಿತ್ತು, ಪ್ರತಿ ಹೊಡೆತಕ್ಕೂ ಮೊದಲು ಪ್ಯಾಂಟನ್ನು ಎಳೆದು ಮೇಲಕ್ಕೆ ಹಾಕಿಕೊಳ್ಳುತ್ತಿದ್ದ. ಟೋಪಿ ತೆಗೆದರೆ ತಲೆ ನುಣ್ಣಗೆ ಹೊಳೆಯುತ್ತಿತ್ತು. ಅವನಿಗೆ ಅಕ್ಕ ಇಟ್ಟ ಹೆಸರು ಬೋಡಣ್ಣ. ದೊಡ್ಡ ಕಪ್ಪು ಅವನಿಗೆ ಒಂದು ಸಲವೂ ಸಿಕ್ಕಿಲ್ಲ ಎಂದು ನಾನು ಹೇಳಿದ ಮೇಲಂತೂ ಅವನನ್ನು ಬಿಟ್ಟು ಬೇರೆಯವರನ್ನು ತೋರಿಸಿದರೆ ಟೀವಿಯವರಿಗೆ ಶಾಪ ಹಾಕುತ್ತಿದ್ದಳು. ಕಡಿಮೆ ಹೊಡೆದವನೇ ಗೆದ್ದ ಹಾಗೆ ಎಂದು ಆಟದ ಲೆಕ್ಕ ವಿವರಿಸಿದೆ. “ಹಂಗಾದ್ರೆ ನಮ್ಮತ್ತೆ ಆಡ್ಬೇಕಿತ್ತು. ಒಂದೇ ಏಟು, ನೆಟ್ಟಗೆ ಬೀಳ್ತಿತ್ತು” ಎಂದು ಬೆನ್ನು ಸವರಿಕೊಂಡಳು.

ಇಷ್ಟರ ನಡುವೆ ಅಕ್ಕನ ಮನಸ್ಸಿನಲ್ಲಿ ಬೇರೊಂದು ಕೊರೆತ ಇತ್ತು. ಅದನ್ನು ಈಗಲೇ ಹೇಳಿಬಿಡುತ್ತೇನೆ.

ಅವಳಿಗೆ ಒಬ್ಬಳೇ ಮಗಳು, ಮಂಜುಳ. ಮದುವೆಯಾದ ಸ್ವಲ್ಪ ಕಾಲಕ್ಕೇ ಅವಳ ಗಂಡ ಹೆದ್ದಾರಿಯಲ್ಲಿ ಬೈಕು ಜಾರಿ ತೀರಿಕೊಂಡ. ಮಂಜುಳ ಅತ್ತು ಮುಗಿಸಿ, ಮಾಲೂರಿನಲ್ಲಿ ರೂಮು ಮಾಡಿ, ಒಂದು ಹೆಂಚಿನ ಕಾರ್ಖಾನೆಯ ಆಫೀಸಿಗೆ ಸೇರಿ ಎಷ್ಟೋ ವರ್ಷವಾಗಿದೆ. ಅದೇ ಕಾರ್ಖಾನೆಯ ಲಾರಿ ಓಡಿಸುವ ನರಸಿಂಹುಲು ಅಂತ, ಕುಪ್ಪಂ ಕಡೆಯವನು, ಅವನೂ ಹೆಂಡತಿಯನ್ನು ಕಳೆದುಕೊಂಡವನು, ಇವಳನ್ನು ಮದುವೆಯಾಗುತ್ತೇನೆ ಎಂದು ಕೇಳಿದ್ದ. ಮಂಜುಳ ಬಂದು ತಾಯಿಗೆ ಹೇಳಿದಳು: “ನೀನು ಹೂಂ ಅಂದ್ರೆ ಆಗ್ತೀನಿ. ಬೇಡ ಅಂದ್ರೆ ಬಿಡ್ತೀನಿ. ಆದ್ರೆ ಆಷಾಢ ಮುಗಿಯೋದರೊಳಗೆ ಒಂದು ಮಾತು ಹೇಳಮ್ಮ. ಅವರೂ ಎಷ್ಟು ದಿನ ಅಂತ ಕಾಯ್ತಾರೆ?”

ಅಕ್ಕ ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಜಾತಿಯೋ ಜನವೋ ಎಂದು ನಾನು ಕೇಳಿದೆ. “ಜನ ಏನಾದ್ರೂ ಅಂದ್ಕೊಳ್ಲಿ, ಅವರೇನು ನಮ್ಮನೆಗೆ ರಾಗಿ ಹಾಕ್ತಾರಾ? ಅದಲ್ಲ ಕಣೋ. ಹೋದ ಸಲ ಎಲ್ಲರಿಗಿಂತ ಮೊದಲು ಹೂಂ ಅಂದೋಳು ನಾನೇ. ಏನಾಯ್ತು ನೋಡು. ನನ್ನ ಬಾಯಿ ಒಳ್ಳೇದಲ್ಲ” ಎಂದಳು. ಬೈಕು ಜಾರುವುದಕ್ಕೂ ನಿನ್ನ ಬಾಯಿಗೂ ಏನು ಸಂಬಂಧ ಎಂದು ನಾನು ಹೇಳಿ ನೋಡಿದೆ. ಅಂಥ ಮಾತುಗಳಿಂದ ಯಾರಿಗೂ ಏನೂ ಆಗುವುದಿಲ್ಲ.

ಅವಳು ಗಂಗಮ್ಮನ ಹತ್ತಿರ ಹೂ ಕೇಳಲು ಹೋದಳು. ನಮ್ಮ ಕಡೆ ಹೂ ಕೇಳುವುದು ಎಂದರೆ ನಿಮಗೆ ಗೊತ್ತಿರಬಹುದು. ಪೂಜಾರಿ ಅಮ್ಮನ ಮೈಮೇಲೆ ಒದ್ದೆ ಹೂವುಗಳನ್ನು ಅಂಟಿಸುತ್ತಾನೆ. ಕೇಳುವವರು ಮನಸ್ಸಿನಲ್ಲಿ ಕೇಳಿಕೊಂಡು ಎದುರು ಕೂರುತ್ತಾರೆ. ಬಲಗಡೆಯ ಹೂ ಬಿದ್ದರೆ ಆಗಲಿ ಎಂದು ಅರ್ಥ, ಎಡಗಡೆಯದು ಬಿದ್ದರೆ ಬೇಡ ಎಂದು. ಅಕ್ಕ ಬೆಳಿಗ್ಗೆ ಕೂತವಳು ಮಧ್ಯಾಹ್ನದವರೆಗೆ ಕೂತಳು. ಹೂ ಬೀಳಲಿಲ್ಲ. ಮುಂದಿನ ವಾರ ಮತ್ತೆ ಹೋದಳು, ಆಗಲೂ ಇಲ್ಲ. “ಅಮ್ಮ ಯೋಚನೆ ಮಾಡ್ತಾವ್ಳೆ, ಇನ್ನೊಂದ್ಸಲ ಬಾ” ಎಂದ ಪೂಜಾರಿ. ಇನ್ನೊಂದು ಸಲ ಹೋಗುವಷ್ಟರಲ್ಲಿ ಕಣ್ಣಿನ ಆಪರೇಷನ್ನು ಬಂತು. ತಲೆಗೆ ಸ್ನಾನವಿಲ್ಲದೆ ಗುಡಿಗೆ ಹೋಗುವಂತಿಲ್ಲ. ಆಷಾಢ ಮುಗಿಯುತ್ತಾ ಬಂದಿತ್ತು. ಮಂಜುಳ ಫೋನು ಮಾಡಿ ಕಣ್ಣು ಹೇಗಿದೆ ಎಂದು ಕೇಳುತ್ತಿದ್ದಳೇ ಹೊರತು ಆ ವಿಷಯ ಎತ್ತುತ್ತಿರಲಿಲ್ಲ. ಅವಳು ಎತ್ತದಿದ್ದಷ್ಟೂ ಅಕ್ಕ ಮಂಕಾಗುತ್ತಿದ್ದಳು. ನನಗೆ ಇಬ್ಬರನ್ನು ಕಂಡೂ ಸಂಕಟವಾಗುತ್ತಿತ್ತು.

ಸೋಮವಾರ ಬೆಳಿಗ್ಗೆ ಕೊನೆಯ ದಿನದ ಆಟದ ಮರುಪ್ರಸಾರಕ್ಕೆ ಕೂತೆವು. ಸರಸು ಅಡುಗೆಮನೆಯಲ್ಲಿ ದೋಸೆ ಹುಯ್ಯುತ್ತಿದ್ದಳು. ಬೋಡಣ್ಣ ಆವತ್ತು ಮೈಮೇಲೆ ಬಂದವನ ಹಾಗೆ ಆಡಿದ. ಕೊನೆಯ ಕುಳಿಗೆ ಬರುವ ಹೊತ್ತಿಗೆ ಅವನಿಗೂ ಕಪ್ಪಿಗೂ ನಡುವೆ ಇದ್ದವನು ಒಬ್ಬನೇ, ಅವನ ಆಟ ಆಗಲೇ ಮುಗಿದಿತ್ತು. ಬೋಡಣ್ಣ ಈ ಒಂದು ಹೊಡೆತದಲ್ಲಿ ಚೆಂಡನ್ನು ಕುಳಿಗೆ ಹಾಕಿದರೆ ಇಬ್ಬರೂ ಸಮ, ಮತ್ತೆ ಆಡಬೇಕು. ಹಾಕದಿದ್ದರೆ ಒಂದೇ ಒಂದು ಹೊಡೆತದಲ್ಲಿ ಸೋಲು. ದೂರ ನಮ್ಮ ನಡುಮನೆಯ ಉದ್ದದಷ್ಟಿತ್ತು. ಅಂಥದ್ದನ್ನು ಎಂಥೆಂಥವರೂ ತಪ್ಪಿಸುತ್ತಾರೆ. ಅವನು ಕುಕ್ಕರಗಾಲಲ್ಲಿ ಕೂತ.

ಆಗ ಅಕ್ಕ ಕಪ್ಪು ಕನ್ನಡಕ ತೆಗೆದಳು. ಕೈ ಮುಗಿದಳು.

“ಲೇ ಸೀನ, ಕೇಳಿಲ್ಲಿ. ನಾನು ಗಂಗಮ್ಮನ್ನ ಹೂ ಕೇಳ್ಕೊಂಡಿದೀನಿ. ಈ ಗುಂಡು ಗುಣಿಗೆ ಬಿದ್ರೆ ಮಂಜುಳಂಗೆ ಹೂಂ ಅಂತೀನಿ. ಬೀಳ್ದಿದ್ರೆ ಇಲ್ಲ.”

“ಅಕ್ಕ, ಇದೇನು ಆಟ? ಇದು ನೆನ್ನೇನೇ ಆಗೋಗಿರೋದು ಕಣಕ್ಕ. ಈಗ ಸುಮ್ನೆ ತಿರ್ಗಾ ತೋರಿಸ್ತಿದಾರೆ.”

“ನಿಂಗೆ ಗೊತ್ತಾ ಏನಾಯ್ತು ಅಂತ?”

“ಇಲ್ಲ.”

“ನಂಗೂ ಗೊತ್ತಿಲ್ಲ. ಅಷ್ಟು ಸಾಕು, ಸುಮ್ಕಿರು.”

ನಾನು ರಿಮೋಟಿನ ಕಡೆ ಕೈ ಚಾಚಿದೆ. “ಆಫ್ ಮಾಡಿದ್ರೆ ನೋಡು!” ಎಂದಳು. ಮಾವಿನ ತೋಪಿನಲ್ಲಿ ಕೇಳಿದ್ದ ಅದೇ ಗದರು. ಕೈ ಹಿಂದಕ್ಕೆ ಬಂತು. ದೇವರಿಗೆ ನೇರಪ್ರಸಾರ ಬೇರೆ, ಮರುಪ್ರಸಾರ ಬೇರೆ ಎಂದು ಇದೆಯೇ ಇಲ್ಲವೇ ಎಂಬುದು ನನಗೆ ಗೊತ್ತಿಲ್ಲದ ವಿಷಯ. ಬೋಡಣ್ಣ ಮಾತ್ರ ರಾತ್ರಿಯೇ ಗೆದ್ದೋ ಸೋತೋ ಆಗಲೇ ಮಲಗಿಬಿಟ್ಟಿದ್ದ ಎಂಬುದು ಗೊತ್ತಿತ್ತು. ಮಾಲೂರಿನಲ್ಲಿ ಮಂಜುಳ ಬುತ್ತಿ ಹಿಡಿದು ಕೆಲಸಕ್ಕೆ ಹೊರಟಿರುತ್ತಾಳೆ. ಅವಳ ಬದುಕು ಈ ದಪ್ಪ ಮನುಷ್ಯನ ಮಣಿಕಟ್ಟಿಗೆ ಬಂದು ನಿಂತದ್ದು ಅವಳಿಗೂ ಗೊತ್ತಿಲ್ಲ, ಅವನಿಗೂ ಗೊತ್ತಿಲ್ಲ.

ಅವನು ಪ್ಯಾಂಟು ಎಳೆದುಕೊಂಡು ಮೆಲ್ಲಗೆ ಹೊಡೆದ. ಚೆಂಡು ಎಡಕ್ಕೆ ಹೋಗಿ, ಬಲಕ್ಕೆ ಬಾಗಿ, ಉರುಳುತ್ತಾ ಉರುಳುತ್ತಾ ಕುಳಿಯ ಬಾಯಿಗೆ ಬಂದು ನಿಂತುಬಿಟ್ಟಿತು. ಅರ್ಧ ಹುಲ್ಲಿನ ಮೇಲೆ, ಅರ್ಧ ಗಾಳಿಯಲ್ಲಿ. ಜನರೆಲ್ಲ ಅಯ್ಯೋ ಎಂದರು. ಬೋಡಣ್ಣ ಆಕಾಶ ನೋಡಿದ.

ಇದಕ್ಕೊಂದು ನಿಯಮವಿದೆ. ಹೀಗೆ ಅಂಚಿನಲ್ಲಿ ನಿಂತ ಚೆಂಡಿನ ಹತ್ತಿರ ಆಟಗಾರ ತಡಮಾಡದೆ ನಡೆದು ಹೋಗಬೇಕು, ಹೋದ ಮೇಲೆ ಹತ್ತು ಸೆಕೆಂಡು ಕಾಯಬಹುದು. ಅಷ್ಟರಲ್ಲಿ ತಾನಾಗಿ ಬಿದ್ದರೆ ಬಿದ್ದ ಹಾಗೆ. ಆಮೇಲೆ ಬಿದ್ದರೆ ಒಂದು ಹೊಡೆತ ದಂಡ. ಬೋಡಣ್ಣ ಹೋದ, ನಿಂತ, ಟೋಪಿ ತೆಗೆದು ಎದೆಗೆ ಹಿಡಿದ. ಅಕ್ಕ ಮುಗಿದ ಕೈ ಬಿಡಲಿಲ್ಲ. ವಿಷಯವೇನೆಂದು ಕೇಳಿಸಿಕೊಂಡಿದ್ದ ಸರಸು ದೋಸೆ ಮೊಗಚೋ ಕೈ ಹಿಡಿದುಕೊಂಡೇ ಬಾಗಿಲಿಗೆ ಬಂದಳು. ನಾನು ಮನಸ್ಸಿನಲ್ಲೇ ಎಣಿಸುತ್ತಿದ್ದೆ, ಹತ್ತಾಯಿತು. ಚೆಂಡು ಅಲುಗಲಿಲ್ಲ. ಬೋಡಣ್ಣ ನಿಟ್ಟುಸಿರು ಬಿಟ್ಟು, ಅದನ್ನು ಮುಟ್ಟಿಸಿ ಮುಗಿಸೋಣ ಎಂದು ಕೋಲು ಮುಂದಕ್ಕೆ ತಂದ. ತರುವಷ್ಟರಲ್ಲಿ ಚೆಂಡು ತಾನಾಗಿ ಒಳಕ್ಕೆ ಬಿತ್ತು.

ಜನ ಹುಚ್ಚೆದ್ದು ಕೂಗಿದರು. ಅಕ್ಕ ಎದ್ದು ನಿಂತಳು. ಟೀವಿಯಲ್ಲಿ ರೆಫರಿ ಬಂದು ಬೋಡಣ್ಣನ ಕಿವಿಯಲ್ಲಿ ಏನೋ ಹೇಳಿದ. ಬೋಡಣ್ಣ ತಲೆ ಆಡಿಸಿ, ಕುಳಿಯಿಂದ ಚೆಂಡು ತೆಗೆದುಕೊಂಡು, ಗೆದ್ದವನ ಕೈ ಕುಲುಕಿದ. ಅಕ್ಕನಿಗೆ ಅರ್ಥವಾಗಲಿಲ್ಲ. ಗಾಬರಿಯಾ‌ದಾಗ ಅವಳ ಬಾಯಿಗೆ ತೆಲುಗೇ ಬರುವುದು.

“ಪಡಿಂದಾ, ಲೇದಾ?” ಎಂದು ನನ್ನನ್ನು ಕೇಳಿದಳು. “ಬಿತ್ತೋ ಇಲ್ವೋ ಹೇಳೋ!”

ಬಿತ್ತು ಎಂದಷ್ಟೇ ಹೇಳಿ ಸುಮ್ಮನಾಗಬಹುದಿತ್ತು. ಆ ಮನೆಯಲ್ಲಿ ಗಾಲ್ಫಿನ ಕಾನೂನು ಗೊತ್ತಿದ್ದವನು ನಾನೊಬ್ಬನೇ. ಆದರೆ ಇಷ್ಟು ವರ್ಷ ಯಾವ ಆಟದ ನಿಯತ್ತಿನ ಬಗ್ಗೆ ಊರೆಲ್ಲ ಕೊಚ್ಚಿಕೊಂಡೆನೋ ಅದು ಬಂದು ನಾಲಿಗೆಯ ಮೇಲೆ ಕೂತಿತು.

“ಬಿತ್ತು ಅಕ್ಕ. ಆದ್ರೆ ತಡವಾಗಿ ಬಿತ್ತು. ಹತ್ತು ಎಣಿಸೋದರೊಳಗೆ ಬೀಳ್ಬೇಕಿತ್ತು. ಇದು ಅವರ ಲೆಕ್ಕಕ್ಕಿಲ್ಲ. ಬೋಡಣ್ಣ ಸೋತ.”

ಹೇಳಿದ ಕೂಡಲೇ ನಾಲಿಗೆ ಕಚ್ಚಿಕೊಳ್ಳಬೇಕು ಅನ್ನಿಸಿತು. “ನಿಮ್ಮ ಬಾಯಿಗಿಷ್ಟು ಬೆಂಕಿ ಹಾಕ” ಎಂದಳು ಸರಸು, ಅತ್ತಿಗೆಯ ಎದುರೇ. ಅಕ್ಕ ಕೂತಳು. ಟೀವಿಯಲ್ಲಿ ಜಾಹೀರಾತು ಬಂತು, ಕಾರು, ವಾಚು, ಇನ್ನೊಂದು ಕಾರು. ಒಳಗೆ ದೋಸೆ ಸೀಯುತ್ತಿರುವ ವಾಸನೆ ಬರುತ್ತಿತ್ತು, ಯಾರೂ ಕದಲಲಿಲ್ಲ. ಅಕ್ಕ ನನ್ನ ಕಡೆ ತಿರುಗಿದಳು.

“ಹತ್ತು ಎಣಿಸೋದು ಯಾರ ರೂಲು?”

“ಗಾಲ್ಫಿನೋರದು.”

“ಗಂಗಮ್ಮನ ಗುಡೀಲಿ ಯಾರಾದ್ರೂ ಎಣಿಸ್ತಾರಾ?”

“ಇಲ್ಲ.”

“ಬೆಳಿಗ್ಗೆ ಕೂತು ಮಧ್ಯಾಹ್ನ ಬಿದ್ರೂ ಹೂವು ಹೂವೇ ತಾನೆ?”

“ಹೂಂ.”

“ಮತ್ತೆ? ಬೋಡಣ್ಣ ಸೋತಿದ್ದಕ್ಕೆ ನಂಗೂ ಹೊಟ್ಟೆ ಉರೀತದೆ. ಆದ್ರೆ ಅವನು ಗೆಲ್ಲಲಿ ಅಂತ ನಾನು ಕೇಳ್ಲಿಲ್ವಲ್ಲ. ಬೀಳ್ತದಾ ಅಂತ ಕೇಳಿದ್ದೆ. ಬಿತ್ತು. ಸರಸೂ, ನಿನ್ನ ಫೋನು ಕೊಡೇ.”

ಸರಸು ನಂಬರು ಒತ್ತಿ ಸ್ಪೀಕರಿಗೆ ಹಾಕಿದಳು. ಆ ಕಡೆ ಲಾರಿಯ ಸದ್ದು, ಹೆಂಚು ಇಳಿಸುವವರ ಗಲಾಟೆ.

“ಹೂಂ ಕಣೇ,” ಎಂದಳು ಅಕ್ಕ, ಹಿಂದಿಲ್ಲ ಮುಂದಿಲ್ಲ.

“ಯಾವುದಕ್ಕಮ್ಮಾ?”

“ಅದಕ್ಕೇ. ಭಾನುವಾರ ಅವರನ್ನ ಕರ್ಕೊಂಡ್ ಬಾ.”

ಲಾರಿಯ ಸದ್ದು ದೂರ ಹೋಯಿತು, ಮಂಜುಳ ಎಲ್ಲಿಗೋ ನಡೆದು ಹೋಗಿರಬೇಕು. ಆಮೇಲೆ ಸಣ್ಣ ದನಿಯಲ್ಲಿ, “ಗಂಗಮ್ಮ ಹೂ ಕೊಟ್ಟಳಾ?” ಎಂದು ಕೇಳಿದಳು.

“ಕೊಟ್ಲು.”

“ಯಾವ ಗುಡೀಲಿ? ನೀನು ಗುಡಿಗೆ ಹೋಗೋ ಹಂಗಿಲ್ವಲ್ಲ?”

ಅಕ್ಕ ನನ್ನ ಮುಖ ನೋಡಿದಳು. “ನಿಮ್ಮ ಮಾವನ ಮನೇಲಿ” ಎಂದಳು.

ಬೋಡಣ್ಣನ ವಿಷಯಕ್ಕೆ ನಾನು ಎರಡು ದಿನ ಬೇಜಾರು ಮಾಡಿಕೊಂಡೆ. ಅವನ ವಯಸ್ಸಿಗೆ ಇನ್ನೊಂದು ಅವಕಾಶ ಬರುವುದು ಕಷ್ಟ. ಟೀವಿಯವರು ಆ ಚೆಂಡು ಬೀಳುವುದನ್ನು ಹಿಂದಿನಿಂದ, ಮುಂದಿನಿಂದ, ಮೇಲಿನಿಂದ ಎಷ್ಟು ಸಲ ತೋರಿಸಿದರೂ ಅದು ತಡವಾಗಿಯೇ ಬೀಳುತ್ತಿತ್ತು. ಅಭಿಮಾನಿಯಾದವನು ಮಾಡುವುದಾದರೂ ಏನು, ಮುಂದಿನ ಪಂದ್ಯ ಯಾವಾಗ ಎಂದು ನೋಡಿಕೊಳ್ಳುತ್ತಾನೆ.

ಆ ಸೋಮವಾರದ ಸಂಜೆ ಅಕ್ಕನ ಕಣ್ಣಿಗೆ ಔಷಧಿ ಬಿಡುವಾಗ ನನಗೆ ತಡೆಯಲಾಗಲಿಲ್ಲ. ಅಪಾಯದಿಂದ ಪಾರಾದವನಿಗೆ ಅಪಾಯ ಎಷ್ಟಿತ್ತು ಎಂದು ಅಳೆದು ನೋಡುವ ಚಪಲ.

“ಒಂದು ಮಾತು ಅಕ್ಕ. ಬೆಳಿಗ್ಗೆ ಆ ಚೆಂಡು ತಾನಾಗಿ ಬೀಳದೆ ಅಲ್ಲೇ ನಿಂತುಬಿಟ್ಟಿದ್ರೆ ಮಂಜುಳನ ಗತಿ ಏನಾಗ್ತಿತ್ತು?”

ಅಕ್ಕ ಕಣ್ಣು ಮುಚ್ಚಿಕೊಂಡೇ ನಕ್ಕಳು.

“ಇಷ್ಟು ವರ್ಷದಿಂದ ನೋಡ್ತಿದೀಯಲ್ಲೋ ದಡ್ಡ. ನಾನು ನೋಡಿದ್ದು ನಾಲ್ಕೇ ದಿನ. ಗುಂಡನ್ನ ಗುಣಿಗೆ ಹಾಕ್ದೆ ಒಬ್ಬನಾದ್ರೂ ಮನೆಗೆ ಹೋಗಿದಾನೇನೋ?”